ಅಂಗಳದಲ್ಲಿ ಸಿಕ್ಕ ಈ ದುಂಡು ಕಲ್ಲು ಏನು? (ಐರ್ಲೆಂಡಿನ ಹಳೇ ಕುಲುಮೆ ಮನೆ)

ಕ್ಯಾವನ್_ಮಳೆ:
ಎಲ್ಲರಿಗೂ ನಮಸ್ಕಾರ. ಡಬ್ಲಿನ್ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ಎರಡು ತಿಂಗಳ ಹಿಂದೆ ಕ್ಯಾವನ್ ಕಡೆಯ ಒಂದು ಹಳ್ಳಿಗೆ ಬಂದೆವು. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಮನೆ. ಗೇಟಿನ ಮೇಲೆ 'ದಿ ಓಲ್ಡ್ ಫೋರ್ಜ್', ಅಂದರೆ ಹಳೇ ಕುಲುಮೆ ಅಂತ ಬೋರ್ಡು. ಇಲ್ಲಿ ಎಲ್ಲ ಮನೆಗೂ ಏನೋ ಒಂದು ಹೆಸರು ಇರುತ್ತದಲ್ಲ, ಸುಮ್ನೆ ಇಟ್ಟಿರಬೇಕು ಅಂದುಕೊಂಡಿದ್ದೆ. ಮೊನ್ನೆ ಹಿಂದಿನ ಅಂಗಳದಲ್ಲಿ ಕಳೆ ಕೀಳುವಾಗ ಗುದ್ದಲಿಗೆ ಠಣ್ ಅಂತ ಏನೋ ತಗುಲಿತು. ಮಣ್ಣು ಸರಿಸಿದರೆ ದೊಡ್ಡ ದುಂಡು ಕಲ್ಲು. ಅಡ್ಡಗಲ ಐದು ಅಡಿಗೆ ಸ್ವಲ್ಪ ಕಡಿಮೆ. ನೆಲದ ಮಟ್ಟಕ್ಕೇ ಹೂತಿದೆ. ನಡುವೆ ಒಂದು ತೂತು. ಮನೆ ಯಜಮಾನರು "ಅದರ ಮೇಲೆ ಮೇಜು ಹಾಕಿ, ಬೇಸಿಗೆಯಲ್ಲಿ ಟೀ ಕುಡಿಯೋಕೆ ಚೆನ್ನಾಗಿರುತ್ತೆ" ಅಂದರು. ಬೇಸಿಗೆ ಯಾವಾಗ ಬರುತ್ತೆ ಅಂತ ಮಾತ್ರ ಹೇಳಲಿಲ್ಲ. ನಮ್ಮವರು ಗಿರಣಿ ಕಲ್ಲು ಅನ್ನುತ್ತಿದ್ದಾರೆ. ಯಾರಿಗಾದರೂ ಗೊತ್ತಾ?

ಸುಮ್ನೆ_ಓದುಗ:
ಗಿರಣಿ ಕಲ್ಲೇ. ಇನ್ನೇನು ಇರುತ್ತೆ.

ಹಳೇ_ನಕ್ಷೆ:
ಇರಿ, ಅವಸರ ಬೇಡ. ಗಿರಣಿ ಕಲ್ಲಾದರೆ ಮೇಲೆ ಗೀರು ಗೀರಾಗಿ ಕೊರೆದ ಗೆರೆ ಇರಬೇಕು, ಹಿಟ್ಟು ಹೊರಗೆ ಸರಿಯೋಕೆ. ನಿಮ್ಮ ಕಲ್ಲಿನಲ್ಲಿ ಗೆರೆ ಇದೆಯಾ? ತೂತು ಎಷ್ಟು ಅಗಲ? ಹತ್ತಿರದಲ್ಲಿ ತೊರೆ ಇದೆಯಾ?

ಕ್ಯಾವನ್_ಮಳೆ:
ಗೆರೆ ಇಲ್ಲ ಸರ್, ನುಣುಪಾಗಿದೆ. ತೂತು ನನ್ನ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ತೊರೆ ಇದೆ, ಬೇಲಿಯ ಆಚೆಗೇ. ಪಕ್ಕದಲ್ಲಿ ಒಂದು ಹಳೇ ಕೊಟ್ಟಿಗೆನೂ ಇದೆ. ಬಾಗಿಲು ಎಷ್ಟು ಅಗಲ ಅಂದರೆ ಕಾರು ಹೋಗುತ್ತೆ, ಆದರೆ ಕಿಟಕಿ ಮಾತ್ರ ಎರಡು ಬೊಗಸೆಯಷ್ಟು. ಒಳಗೆ ಹಗಲಲ್ಲೂ ಕತ್ತಲು.

ಹಳೇ_ನಕ್ಷೆ:
ಹಾಗಾದರೆ ಬೋರ್ಡು ಸುಳ್ಳು ಹೇಳುತ್ತಿಲ್ಲ. ಅದು ಚಕ್ರದ ಕಲ್ಲು. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವಾಗ ಚಕ್ರವನ್ನು ಅದರ ಮೇಲೆ ಮಲಗಿಸುತ್ತಿದ್ದರು. ನಡುವಿನ ತೂತು ಚಕ್ರದ ಗುಂಬ, ಅಂದರೆ ನಡುವಿನ ದಪ್ಪ ಭಾಗ, ಕೂರೋಕೆ. ಕೊಟ್ಟಿಗೆ ಕತ್ತಲಾಗಿರೋದೂ ಬಡತನಕ್ಕಲ್ಲ, ಬೇಕು ಅಂತಲೇ ಹಾಗೆ ಕಟ್ಟಿದ್ದು. ಕಾದ ಕಬ್ಬಿಣದ ಬಣ್ಣ ನೋಡಿ ಕಮ್ಮಾರ ಶಾಖ ಅಳೆಯುತ್ತಾನೆ. ಬಿಸಿಲು ಬಿದ್ದರೆ ಕೆಂಪು ಯಾವುದು, ಕಿತ್ತಳೆ ಯಾವುದು ಅಂತ ಕಣ್ಣಿಗೆ ತಿಳಿಯಲ್ಲ. ಅಗಲ ಬಾಗಿಲು ಕುದುರೆ ಒಳಗೆ ಬರೋಕೆ. ಅಡ್ಡರಸ್ತೆ ಗಿರಾಕಿಗೆ, ತೊರೆ ನೀರಿಗೆ. ನಿಮ್ಮ ಮನೆ ನಿಂತಿರೋ ಜಾಗ ನೋಡಿಯೇ ಅರ್ಧ ಹೇಳಬಹುದಿತ್ತು.

ಭದ್ರಾವತಿ_ಹುಡುಗ:
ಅಯ್ಯೋ ಇದು ನನ್ನ ವಿಷಯ. ನಮ್ಮ ತಾತ ಕುಲುಮೆ ಇಟ್ಟಿದ್ದವರು. ಎತ್ತಿನ ಗಾಡಿಗೆ ಹಳಿ, ಅಂದರೆ ಆ ಕಬ್ಬಿಣದ ಪಟ್ಟಿ, ಕಟ್ಟೋದನ್ನು ನಾನು ಚಿಕ್ಕವನಿದ್ದಾಗ ಕಣ್ಣಾರೆ ನೋಡಿದ್ದೇನೆ. ಇಲ್ಲಿಗೆ ಬಂದ ಮೇಲೆ ಕಿಲಾರ್ನಿಯ ಮಕ್‌ರಾಸ್ ಹಳೇ ಹೊಲಮನೆಗಳಿಗೆ ಹೋದಾಗ ಅಲ್ಲಿನ ಕಮ್ಮಾರನ ಹತ್ತಿರ ಒಂದು ಗಂಟೆ ನಿಂತುಬಿಟ್ಟೆ, ಹೆಂಡತಿ ಬೈದು ಎಳೆದುಕೊಂಡು ಹೋದಳು.

ಕೆಲಸ ಹೀಗೆ. ಮೊದಲು ಚಕ್ರದ ಸುತ್ತಳತೆ ತೆಗೆಯಬೇಕು. ಹಿಡಿ ಇರುವ ಒಂದು ಸಣ್ಣ ಬಿಲ್ಲೆಯನ್ನು ಚಕ್ರದ ಅಂಚಿನ ಮೇಲೆ ಉರುಳಿಸಿಕೊಂಡು ಹೋಗಿ ಎಷ್ಟು ಸುತ್ತು ಬಂತು ಅಂತ ಎಣಿಸುತ್ತಾರೆ. ಆಮೇಲೆ ಅದೇ ಬಿಲ್ಲೆಯನ್ನು ಕಬ್ಬಿಣದ ಪಟ್ಟಿಯ ಮೇಲೆ ಉರುಳಿಸುತ್ತಾರೆ. ಪಟ್ಟಿಯನ್ನು ಚಕ್ರಕ್ಕಿಂತ ಬೇಕು ಅಂತಲೇ ಸ್ವಲ್ಪ ಗಿಡ್ಡ ಕತ್ತರಿಸಬೇಕು. ಎಷ್ಟು ಗಿಡ್ಡ ಅನ್ನೋದರಲ್ಲೇ ಕಮ್ಮಾರನ ಕೈಚಳಕ ಇರೋದು. ಗಿಡ್ಡ ಮಾಡಿದ್ದು ಕಡಿಮೆ ಆದರೆ ಎರಡು ವಾರಕ್ಕೆ ಪಟ್ಟಿ ಕಳಚಿ ರಸ್ತೆಯಲ್ಲಿ ಉರುಳಿ ಹೋಗುತ್ತೆ, ಜಾಸ್ತಿ ಆದರೆ ಬಿಗಿತಕ್ಕೆ ಚಕ್ರವೇ ಬಾಗುತ್ತೆ. ಪಟ್ಟಿಯ ಎರಡು ತುದಿ ಕಾಯಿಸಿ, ಒಂದರ ಮೇಲೆ ಒಂದಿಟ್ಟು ಬಡಿದು ಬಳೆ ಮಾಡುತ್ತಾರೆ. ಆಮೇಲೆ ಬೆಂಕಿ. ನಮ್ಮಲ್ಲಿ ಬೆರಣಿ ಜೋಡಿಸುತ್ತಿದ್ದರು. ಇಲ್ಲಿ ಟರ್ಫ್, ಅಂದರೆ ಜೌಗು ನೆಲದಿಂದ ಕಡಿದು ಒಣಗಿಸಿದ ಇಟ್ಟಿಗೆ. ಅಂಗಳದಲ್ಲಿ ಬಳೆಯನ್ನು ಮಲಗಿಸಿ ಸುತ್ತಲೂ ಟರ್ಫ್ ಒಟ್ಟಿ ಬೆಂಕಿ ಹಾಕಿದರೆ ಕಬ್ಬಿಣ ಒಂದೇ ಸಮ ಕಾಯುತ್ತೆ. ಕುಲುಮೆಯ ಒಲೆಯಲ್ಲಿ ಅಷ್ಟು ದೊಡ್ಡ ಬಳೆ ಹಿಡಿಸಲ್ಲವಲ್ಲ.

ಕೆಂಪಗಾದ ಮೇಲೆ ಓಟವೇ ಓಟ. ಇಬ್ಬರು ಮೂವರು ಉದ್ದ ಇಕ್ಕಳದಲ್ಲಿ ಎತ್ತಿ ತಂದು, ಕಲ್ಲಿನ ಮೇಲೆ ಮಲಗಿರೋ ಚಕ್ರಕ್ಕೆ ಇಳಿಸಿ, ಸಮ್ಮಟಿಗೆಯಲ್ಲಿ ಬಡಿದು ಕೂರಿಸಬೇಕು. ಮರ ಹೊತ್ತಿಕೊಂಡು ಉರಿಯೋಕೆ ಶುರು ಮಾಡುತ್ತೆ. ತಕ್ಷಣ ನೀರು. ಬಕೆಟ್ ಮೇಲೆ ಬಕೆಟ್. ಆವಿ, ಹೊಗೆ, ಬೈಗುಳ. ಕಬ್ಬಿಣ ತಣ್ಣಗಾಗಿ ಕುಗ್ಗುತ್ತಾ ಇಡೀ ಚಕ್ರವನ್ನು ಹಿಂಡುತ್ತೆ, ಆಗ ಮರದ ಕೀಲು ಕೀಲೂ ಲಟಲಟ ಅನ್ನುತ್ತೆ. ಆ ಸದ್ದು ಒಮ್ಮೆ ಕೇಳಿದವರು ಮರೆಯಲ್ಲ. ನಿಮ್ಮ ಹಿತ್ತಲಿನ ತೊರೆ ಯಾಕೆ ಅಂತ ಈಗ ತಿಳಿಯಿತಾ ಅಕ್ಕ?

ಕ್ಯಾವನ್_ಮಳೆ:
ಓದುತ್ತಾ ಮೈ ಜುಂ ಅಂದಿತು. ಮೇಜು ಕ್ಯಾನ್ಸಲ್. 😀

ಲಿಫಿ_ದಂಡೆ:
ಇಲ್ಲಿ ಒಬ್ಬ ಬೇಸರದ ಮನುಷ್ಯ ಬೇಕಲ್ಲ, ನಾನೇ ಆಗುತ್ತೇನೆ. ಈ ಕುಲುಮೆ ಅಂದ ತಕ್ಷಣ ಎಲ್ಲರೂ ಕಿಡಿ, ಸದ್ದು, ಹಳ್ಳಿಯ ಸೊಗಸು ಅಂತ ಶುರು ಮಾಡುತ್ತಾರೆ. ಕುದುರೆ ಒದ್ದರೆ ಪಕ್ಕೆಲುಬು ಹೋಗುತ್ತಿತ್ತು. ದಿನವಿಡೀ ಬಗ್ಗಿ ಗೊರಸು ಹಿಡಿದು ನಲವತ್ತಕ್ಕೆ ಸೊಂಟ ಹೋಗುತ್ತಿತ್ತು. ದುಡ್ಡೂ ಕೈಗೆ ಬರುತ್ತಿರಲಿಲ್ಲ. ರೈತನ ಹತ್ತಿರ ದುಡ್ಡಿರೋದು ಸಂತೆಯಲ್ಲಿ ದನ ಮಾರಿದಾಗ. ಅಲ್ಲಿಯವರೆಗೆ ಸಾಲ. ಕೊಟ್ಟರೂ ಒಂದು ಗಾಡಿ ಟರ್ಫ್, ಒಂದು ಮೂಟೆ ಆಲೂಗಡ್ಡೆ, ಇಲ್ಲಾಂದ್ರೆ ಕೊಯ್ಲಿಗೆ ಒಂದು ದಿನದ ಆಳು. ಟ್ರ್ಯಾಕ್ಟರ್ ಬಂತು, ಮುಗೀತು. ಮುಗಿದಿದ್ದೇ ಒಳ್ಳೆಯದಾಯಿತು ಅನ್ನೋದು ನನ್ನ ಅಭಿಪ್ರಾಯ.

ಹಳೇ_ನಕ್ಷೆ:
ಸೊಂಟದ ಮಾತು ಒಪ್ಪಿದೆ. ಆದರೆ "ಟ್ರ್ಯಾಕ್ಟರ್ ಬಂತು, ಮುಗೀತು" ಅಂತ ಒಂದೇ ಉಸಿರಲ್ಲಿ ಮುಗಿಸಬೇಡಿ. ಟ್ರ್ಯಾಕ್ಟರ್ ಬಂದಿದ್ದು ಯಾವಾಗ ಗೊತ್ತಾ? ಹೆನ್ರಿ ಫೋರ್ಡ್ ಕಾರ್ಕ್ ನಗರದಲ್ಲಿ ಕಾರ್ಖಾನೆ ಹಾಕಿ 1919ರಲ್ಲೇ ಫೋರ್ಡ್‌ಸನ್ ಟ್ರ್ಯಾಕ್ಟರ್ ಹೊರಗೆ ಬಿಟ್ಟ. ಅವರಪ್ಪ ಕಾರ್ಕ್ ಕೌಂಟಿಯಿಂದಲೇ ಅಮೆರಿಕಕ್ಕೆ ಹೋದವನು. ಆದರೂ ಮುಂದೆ ಇಪ್ಪತ್ತೈದು ವರ್ಷ ಹಳ್ಳಿಯ ಕುಲುಮೆಗಳು ಹಾಗೇ ನಡೆದವು. ಸಣ್ಣ ಸಣ್ಣ ಹೊಲ, ಒದ್ದೆ ನೆಲ, ಕೈಯಲ್ಲಿ ಕಾಸಿಲ್ಲ. ಕುದುರೆ, ಕತ್ತೆ ಸಾಕಾಗುತ್ತಿತ್ತು.

ಇನ್ನೊಂದು ಸ್ವಾರಸ್ಯ. ಎರಡನೇ ಮಹಾಯುದ್ಧದ ಕಾಲವನ್ನು ಇಲ್ಲಿ 'ದಿ ಎಮರ್ಜೆನ್ಸಿ' ಅನ್ನುತ್ತಾರೆ. ಐರ್ಲೆಂಡ್ ಯುದ್ಧಕ್ಕೆ ಹೋಗಲಿಲ್ಲ, ಆದರೆ ಪೆಟ್ರೋಲ್ ಇಲ್ಲ, ಬ್ರಿಟನ್ನಿನ ಕಲ್ಲಿದ್ದಲು ಇಲ್ಲ. ಅದರ ಮೇಲೆ ಸರ್ಕಾರ ರೈತರಿಗೆ ಇಂತಿಷ್ಟು ನೆಲ ಉಳಲೇಬೇಕು ಅಂತ ಕಾನೂನು ಮಾಡಿತ್ತು. ಎಲ್ಲರೂ ಕುದುರೆ ಹೂಡಿದರು. ಲಾಳ ಸವೆಯಿತು, ನೇಗಿಲ ಗುಳ ಸವೆಯಿತು, ಗಿರಾಕಿ ಸಾಲು ನಿಂತರು. ಕಬ್ಬಿಣ ಸಿಗದೆ ಕಮ್ಮಾರ ಹಳೇ ಲಾಳವನ್ನೇ ತಿರುಗಿ ಬಡಿಯುತ್ತಿದ್ದ. ನನ್ನ ಪ್ರಕಾರ ಹಳ್ಳಿ ಕುಲುಮೆಗಳ ಕೊನೆಯ ಒಳ್ಳೆ ಕಾಲ ಅದೇ.

ಆಮೇಲೆ ಒಂದರ ಹಿಂದೆ ಒಂದು ಏಟು ಬಿತ್ತು. 1946ರಿಂದ ಕವೆಂಟ್ರಿಯಲ್ಲಿ ಫರ್ಗುಸನ್ ಟಿಇ20 ತಯಾರಾಗತೊಡಗಿತು. ಹತ್ತು ವರ್ಷದಲ್ಲಿ 5 ಲಕ್ಷಕ್ಕೂ ಜಾಸ್ತಿ ಮಾಡಿದರು. ಬೂದು ಬಣ್ಣದ ಸಣ್ಣ ಗಾಡಿ, ಸಣ್ಣ ಹೊಲಕ್ಕೆ ಹೇಳಿ ಮಾಡಿಸಿದಂತಿತ್ತು. ಹ್ಯಾರಿ ಫರ್ಗುಸನ್ ಯಾರು? ಇಲ್ಲಿಯವನೇ, ಡೌನ್ ಕೌಂಟಿಯ ರೈತನ ಮಗ. ಗಾಡಿ ಚಕ್ರದ ಕೆಲಸ ಯಾಕೆ ಹೋಯಿತು? ರಬ್ಬರ್ ಟೈರು. ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ತೆಗೆದ ಡನ್‌ಲಪ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಾದರೂ ಆಗ ಬೆಲ್‌ಫಾಸ್ಟಿನಲ್ಲಿ ಪಶುವೈದ್ಯ. ಕುದುರೆಗೆ ಮದ್ದು ಕೊಡುತ್ತಿದ್ದವನೇ ಕುದುರೆಗಾಡಿಯ ಚಕ್ರಕ್ಕೆ ಮುಹೂರ್ತ ಇಟ್ಟ! ಅಂತೂ ಹಿತ್ತಲಲ್ಲೇ ಹುಟ್ಟಿದ ಎರಡು ಐಡಿಯಾ ಈ ಕ್ಯಾವನ್ ಕುಲುಮೆಯನ್ನು ಮುಚ್ಚಿಸಿದವು ಅನ್ನಬಹುದು.

ಲಿಫಿ_ದಂಡೆ:
ಡನ್‌ಲಪ್ ಪಶುವೈದ್ಯ ಅಂತ ಗೊತ್ತಿರಲಿಲ್ಲ. ಸರಿ, ಒಂದು ಪಾಯಿಂಟ್ ನಿಮಗೆ.

ಗಾಲ್ವೇ_ಅಕ್ಕ:
ನಾನು ವೃದ್ಧಾಶ್ರಮದಲ್ಲಿ ನರ್ಸ್. ಅಲ್ಲಿ ಕೆಲಸಕ್ಕಿಂತ ಕಥೆ ಜಾಸ್ತಿ. ಒಬ್ಬ ಅಜ್ಜನಿಗೆ ಬೆಳಿಗ್ಗೆ ಏನು ತಿಂದರು ಅನ್ನೋದು ನೆನಪಿರಲ್ಲ, ಆದರೆ ಹುಡುಗನಾಗಿದ್ದಾಗ ಹಿಮ ಬಿದ್ದ ಬೆಳಿಗ್ಗೆ ಕುಲುಮೆ ಮುಂದೆ ಕುದುರೆ ಹಿಡಿದು ನಿಂತಿದ್ದು ನಿನ್ನೆ ಮೊನ್ನೆಯ ಹಾಗೆ ಹೇಳುತ್ತಾರೆ. ರಸ್ತೆ ಹೆಪ್ಪುಗಟ್ಟಿದರೆ ಕುದುರೆ ಜಾರುತ್ತೆ. ಅದಕ್ಕೆ ಲಾಳಕ್ಕೆ ತಲೆ ಚೂಪಾದ ಬೇರೆ ಮೊಳೆ ಹಾಕಿಸಬೇಕು. ಹಿಮ ಬಿತ್ತೆಂದರೆ ಇಡೀ ಊರು ಒಂದೇ ಸಲ ಬಂದು ನಿಲ್ಲುತ್ತಿತ್ತಂತೆ. ಬಿಸಿ ಲಾಳ ಗೊರಸಿಗೆ ಇಟ್ಟಾಗ ಬರೋ ಹೊಗೆಯ ವಾಸನೆ, ಕತ್ತರಿಸಿ ಬಿದ್ದ ಗೊರಸಿನ ಚೂರಿಗೆ ಕಿತ್ತಾಡೋ ನಾಯಿಗಳು, ಎಲ್ಲ ಹೇಳುತ್ತಾರೆ. ನಾಯಿಗಳಿಗೆ ಅದು ನಿಜವಾಗಲೂ ಬಹಳ ಇಷ್ಟ, ಈಗಲೂ ಲಾಳ ಕಟ್ಟುವವರ ವ್ಯಾನ್ ಬಂದರೆ ನಾಯಿ ಮೊದಲು ಓಡುತ್ತೆ.

ಇನ್ನು ಕುಲುಮೆ ನೀರು! ಕಾದ ಕಬ್ಬಿಣ ಅದ್ದುವ ತೊಟ್ಟಿ ಇರುತ್ತಲ್ಲ, ಆ ನೀರು ಹಚ್ಚಿದರೆ ನರಹುಲಿ ಉದುರುತ್ತೆ ಅಂತ ನಂಬಿಕೆ. ಹಲ್ಲು ನೋವಾದರೂ ಕಮ್ಮಾರನ ಹತ್ತಿರವೇ ಹೋಗುತ್ತಿದ್ದರು. ಇಕ್ಕಳ ಇರೋದು ಅವನ ಹತ್ತಿರ ತಾನೇ. ನರ್ಸ್ ಆಗಿ ನಾನು ಎರಡನ್ನೂ ಮಾಡಿ ಅಂತ ಹೇಳಲಾರೆ. 😂

ಸುಮ್ನೆ_ಓದುಗ:
ಇಲ್ಲಿ ಡೆಂಟಿಸ್ಟ್ ರೇಟು ನೋಡಿದರೆ ಕಮ್ಮಾರನೇ ವಾಸಿ ಅಕ್ಕ.

ಗಾಲ್ವೇ_ಅಕ್ಕ:
😂😂 ಇನ್ನೊಂದು ಹೇಳಿ ಮುಗಿಸುತ್ತೇನೆ, ಶಿಫ್ಟ್ ಇದೆ. ಇಲ್ಲಿಯ 'ಗುಡ್ ಪೀಪಲ್', ಅಂದರೆ ಕಣ್ಣಿಗೆ ಕಾಣದ ಆ ಜನ, ಅವರಿಗೆ ಕಬ್ಬಿಣ ಕಂಡರೆ ಆಗಲ್ಲ. ಕೂಸನ್ನು ಕದ್ದು ಅದರ ಜಾಗದಲ್ಲಿ ತಮ್ಮದನ್ನು ಮಲಗಿಸಿ ಹೋಗುತ್ತಾರೆ ಅಂತ ಭಯ. ಅದಕ್ಕೆ ತಾಯಿ ಹೊರಗೆ ಹೋಗುವಾಗ ತೊಟ್ಟಿಲ ಮೇಲೆ ಒಲೆಯ ಕಬ್ಬಿಣದ ಇಕ್ಕಳ ಅಡ್ಡ ಇಟ್ಟು ಹೋಗುತ್ತಿದ್ದಳು. ಕಬ್ಬಿಣಕ್ಕೇ ಅಷ್ಟು ಶಕ್ತಿ ಅಂದರೆ ಅದನ್ನು ಮಣಿಸುವವನಿಗೆ ಎಷ್ಟಿರಬೇಕು? ಕಮ್ಮಾರನನ್ನು ಎದುರು ಹಾಕಿಕೊಳ್ಳುತ್ತಿರಲಿಲ್ಲ. ಅವನು ಅಡೆಗಲ್ಲು ತಿರುಗಿಸಿ ಶಾಪ ಹಾಕಿದರೆ ತಟ್ಟುತ್ತೆ ಅನ್ನೋ ಹೆದರಿಕೆ. ಗುಡ್ ಫ್ರೈಡೇ ದಿನ ಮಾತ್ರ ಮೊಳೆ ಹೊಡೆಯಲೇಬಾರದು. ಶಿಲುಬೆಗೆ ಹೊಡೆದಿದ್ದು ಮೊಳೆ ಅಲ್ವಾ.

ಹಳೇ_ನಕ್ಷೆ:
ಅಕ್ಕ ಹೇಳಿದ ಹೆದರಿಕೆ ಬಹಳ ಹಳೆಯದು. ಸಂತ ಪ್ಯಾಟ್ರಿಕ್ ಹೆಸರಲ್ಲಿ ಹೇಳುವ ಒಂದು ಪುರಾತನ ರಕ್ಷಾ ಪ್ರಾರ್ಥನೆ ಇದೆ. ಅದರಲ್ಲಿ ಹೆಂಗಸರ, ಕಮ್ಮಾರರ, ಹಳೇ ಧರ್ಮದ ಪೂಜಾರಿಗಳಾದ ಡ್ರೂಯಿಡ್‌ಗಳ ಮಾಟದಿಂದ ಕಾಪಾಡು ಅಂತ ದೇವರನ್ನು ಬೇಡುತ್ತಾರೆ. ಕಮ್ಮಾರನನ್ನು ಮಂತ್ರವಾದಿಗಳ ಸಾಲಲ್ಲಿ ಕೂರಿಸಿದ್ದಾರೆ ನೋಡಿ.

ಅದಕ್ಕೂ ಹಿಂದೆ ಕಮ್ಮಾರನೇ ದೇವರು. ಗೊವ್‌ನ್ಯು ಅಂತ. ಯುದ್ಧದಲ್ಲಿ ಮುರಿದ ಈಟಿಗೆ ರಾತ್ರೋರಾತ್ರಿ ಹೊಸ ಮೊನೆ ಮಾಡಿಕೊಡುವವನು. ದೇವತೆಯೂ ಹೌದು, ಸಂತಳೂ ಹೌದು ಅನ್ನುವ ಬ್ರಿಜಿಡ್ ಇದ್ದಾಳಲ್ಲ, ಈಗ ಫೆಬ್ರವರಿ ಮೊದಲಲ್ಲಿ ಅವಳ ಹೆಸರಲ್ಲಿ ರಜಾ ಸಿಗುತ್ತೆ, 2023ರಿಂದ. ಸಾವಿರ ವರ್ಷಕ್ಕೂ ಹಳೆಯ ಒಂದು ಐರಿಶ್ ಪದಕೋಶದಲ್ಲಿ ಬ್ರಿಜಿಡ್ ಹೆಸರಿನ ಮೂವರು ಅಕ್ಕತಂಗಿಯರು ಬರುತ್ತಾರೆ. ಒಬ್ಬಳು ಕಾವ್ಯಕ್ಕೆ, ಒಬ್ಬಳು ವೈದ್ಯಕ್ಕೆ, ಒಬ್ಬಳು ಕಮ್ಮಾರಿಕೆಗೆ. ಕವಿತೆಯೂ ಕಬ್ಬಿಣವೂ ಒಂದೇ ಮನೆಯ ಹೆಣ್ಣುಮಕ್ಕಳು.

ನನಗೆ ಇಷ್ಟವಾದದ್ದು ಕೂಲನ್ ಅನ್ನೋ ಕಮ್ಮಾರನ ಕಥೆ. ಅವನು ಉತ್ತರದ ಅಲ್ಸ್ಟರ್ ಪ್ರಾಂತ್ಯದ ರಾಜನನ್ನು ಊಟಕ್ಕೆ ಕರೆಯುತ್ತಾನೆ, ಆದರೆ ಜಾಸ್ತಿ ಜನ ಕರೆದುಕೊಂಡು ಬರಬೇಡಿ ಅನ್ನುತ್ತಾನೆ. ನನಗೆ ಹೊಲ ಇಲ್ಲ, ಇರೋದು ಸುತ್ತಿಗೆ, ಅಡೆಗಲ್ಲು, ಇಕ್ಕಳ, ಈ ಎರಡು ಕೈ ಅಷ್ಟೇ ಅಂತ. ಬಾಗಿಲಿಗೆ ಕಾವಲು ನಾಯಿ ಬಿಟ್ಟಿರುತ್ತಾನೆ. ತಡವಾಗಿ ಬಂದ ಸೆಟಾಂಟ ಅನ್ನೋ ಹುಡುಗ ಅದನ್ನು ಕೊಂದುಬಿಡುತ್ತಾನೆ. ಆಮೇಲೆ ಇನ್ನೊಂದು ಮರಿ ದೊಡ್ಡದಾಗೋವರೆಗೂ ನಾನೇ ನಿನ್ನ ಮನೆ ಕಾಯುತ್ತೇನೆ ಅನ್ನುತ್ತಾನೆ. ಕೂಲನ್ನನ ನಾಯಿ, ಅದೇ ಕೂ ಹುಲಿನ್, ಆ ಹುಡುಗನಿಗೆ ಹಾಗೇ ಹೆಸರು ಬಿತ್ತು. ಈ ದೇಶದ ಅತಿ ದೊಡ್ಡ ವೀರನ ಹೆಸರು ಒಬ್ಬ ಕಮ್ಮಾರನ ನಾಯಿಯ ಹೆಸರು. ಲಿಫಿ_ದಂಡೆಯವರೇ, ಇದು ಸೊಗಸಿನ ಮಾತಲ್ಲ. ಹೊಲ ಇಲ್ಲದವನ ಕಷ್ಟ ಆ ಕಥೆಯಲ್ಲೂ ಇದೆ.

ಭದ್ರಾವತಿ_ಹುಡುಗ:
ಹೆಸರಿನ ಮಾತು ಬಂತಲ್ಲ, ಒಂದು ಡೌಟು. ಕಮ್ಮಾರನಿಗೆ ಐರಿಶ್‌ನಲ್ಲಿ 'ಗೌ', ಕುಲುಮೆಗೆ 'ಕ್ಯಾರ್ತಾ' ಅಂತ ಮಕ್‌ರಾಸ್‌ನಲ್ಲಿ ಹೇಳಿದ್ದರು. ಹಾಗಾದರೆ ಕ್ಯಾವನ್ ಹತ್ತಿರದ ಲಾಕ್ ಗೌನಾ ಕೆರೆ ಕಮ್ಮಾರನ ಕೆರೆಯೇ?

ಹಳೇ_ನಕ್ಷೆ:
ಚೆನ್ನಾಗಿ ಊಹಿಸಿದಿರಿ, ಆದರೆ ಅಲ್ಲ. ಅದು ಕರುವಿನ ಕೆರೆ. ಕರುವಿಗೆ ಐರಿಶ್‌ನಲ್ಲಿ ಬೇರೆ ಪದ, ಇಂಗ್ಲಿಷ್ ಕಾಗುಣಿತದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬ್ರಿಟಿಷರು ನಕ್ಷೆ ಬರೆಯುವಾಗ ಕಿವಿಗೆ ಕೇಳಿದಂತೆ ಹೆಸರು ಬರೆದುಕೊಂಡರು, ಈ ಗೊಂದಲ ಎಲ್ಲ ಕಡೆ ಇದೆ.

ನಿಜವಾದ ಕಮ್ಮಾರರು ಬೇಕಾದರೆ ಜನರ ಹೆಸರಲ್ಲಿ ಹುಡುಕಿ. ಮೆಕ್‌ಗವನ್ ಅಂದರೆ ಕಮ್ಮಾರನ ಮಗ. ಕ್ಯಾವನ್‌ನಲ್ಲಿ ಆ ಮನೆತನದವರು ಬಹಳ ಜನ ಇಂಗ್ಲಿಷ್ ಆಡಳಿತದ ಕಾಲದಲ್ಲಿ ಹೆಸರನ್ನೇ ಅನುವಾದ ಮಾಡಿಕೊಂಡು ಸ್ಮಿತ್ ಆದರು. ನಿಮ್ಮ ಊರಲ್ಲಿ ಸ್ಮಿತ್‌ಗಳು ಎಷ್ಟಿದ್ದಾರೆ ನೋಡಿ. ಅವರನ್ನು ಇಂಗ್ಲಿಷರು ಅಂದುಕೊಳ್ಳಬೇಡಿ.

ಕ್ಯಾವನ್_ಮಳೆ:
ಅಯ್ಯೋ! ಮಗಳ ಕ್ಲಾಸಿನಲ್ಲೇ ನಾಲ್ಕು ಜನ ಸ್ಮಿತ್. ನಾನು ಇಷ್ಟು ದಿನ ಹಾಗೇ ಅಂದುಕೊಂಡಿದ್ದೆ.

ಲಿಫಿ_ದಂಡೆ:
ಆಯಿತು, ನಾನೂ ಒಂದು ಕೊಡುತ್ತೇನೆ. ಕಮ್ಮಾರರ ಬಗ್ಗೆ ನಾನು ತಲೆ ಕೆಡಿಸಿಕೊಂಡಿದ್ದು ಒಂದೇ ವಿಷಯಕ್ಕೆ, 1798ರಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ನಡೆದ ಬಂಡಾಯ. ವೆಕ್ಸ್‌ಫರ್ಡ್‌ಗೆ ಹೋದರೆ ಎಲ್ಲಿ ನೋಡಿದರೂ ಈಟಿ ಹಿಡಿದ ಪ್ರತಿಮೆ. ಬಂದೂಕು ಇಲ್ಲದ ಬಂಡಾಯಗಾರರಿಗೆ ಆಯುಧ ಮಾಡಿಕೊಟ್ಟಿದ್ದು ಯಾವ ಕಾರ್ಖಾನೆಯೂ ಅಲ್ಲ, ಹಳ್ಳಿ ಕುಲುಮೆ. ಹಗಲು ಲಾಳ, ರಾತ್ರಿ ಈಟಿ. ಉದ್ದನೆಯ ಆಶ್ ಮರದ ಹಿಡಿ, ತುದಿಗೆ ಮೊನೆ. ಕೆಲವಕ್ಕೆ ಪಕ್ಕದಲ್ಲಿ ಒಂದು ಕೊಕ್ಕೆ ಬೇರೆ, ಕುದುರೆ ಸವಾರನ ಲಗಾಮು ಕತ್ತರಿಸೋಕೆ. ಸರ್ಕಾರಕ್ಕೂ ಗೊತ್ತಿತ್ತು. ಅದಕ್ಕೆ ಸೈನಿಕರು ಊರಿಗೆ ಬಂದರೆ ಮೊದಲು ಹುಡುಕಿದ್ದು ಕಮ್ಮಾರನನ್ನು. ಕಟ್ಟಿ ಹಾಕಿ ಛಡಿ ಏಟು ಕೊಟ್ಟರು, ಈಟಿ ಯಾರಿಗೆ ಕೊಟ್ಟೆ ಹೇಳು ಅಂತ. ಕುಲುಮೆಗಳನ್ನು ಸುಟ್ಟರು. ಜೂನ್ 21ಕ್ಕೆ ಅದೇ ವೆಕ್ಸ್‌ಫರ್ಡ್‌ನ ವಿನೆಗರ್ ಹಿಲ್‌ನಲ್ಲಿ ಫಿರಂಗಿಗಳ ಮುಂದೆ ಆ ಈಟಿಗಳು ಏನೂ ನಡೆಯಲಿಲ್ಲ. ಐದು ವರ್ಷ ಆದ ಮೇಲೆ ರಾಬರ್ಟ್ ಎಮೆಟ್ ಅನ್ನೋ ಇನ್ನೊಬ್ಬ ಬಂಡಾಯಗಾರ ಡಬ್ಲಿನ್‌ನಲ್ಲಿ ಮತ್ತೆ ಈಟಿ ಮಾಡಿಸಿದ. ಈ ಸಲ ಕೋಟಿನ ಒಳಗೆ ಬಚ್ಚಿಡೋಕೆ ಮಡಚುವ ಈಟಿ. ಆ ಮಡಚುವ ಈಟಿ ಮಾಡಿದ ಕೈಗೆ ನಾನು ಸೆಲ್ಯೂಟ್ ಹೊಡೆಯುತ್ತೇನೆ, ಸೊಂಟ ನೋವಿದ್ದರೂ.

ಸುಮ್ನೆ_ಓದುಗ:
ಬೇಸರದ ಮನುಷ್ಯ ಅಂದವರು ಎಲ್ಲರಿಗಿಂತ ಉದ್ದ ಬರೆದರು.

ಗಾಲ್ವೇ_ಅಕ್ಕ:
ಶಿಫ್ಟ್ ಮುಗಿಸಿ ಬಂದೆ. ಸಲಿಕೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಇಲ್ಲಿ ಒಂದೊಂದು ಕಡೆಗೆ ಒಂದೊಂದು ಥರದ ಸಲಿಕೆ. ಕಲ್ಲು ನೆಲಕ್ಕೆ ಕಿರಿದಾದ ಉದ್ದ ಅಲಗು, ಜೌಗಿನಲ್ಲಿ ಟರ್ಫ್ ಕಡಿಯೋಕೆ ಪಕ್ಕದಲ್ಲಿ ರೆಕ್ಕೆ ಇರುವ 'ಸ್ಲಾನ್'. ಕೆಲವದರಲ್ಲಿ ಕಾಲಿಡುವ ಜಾಗ ಒಂದೇ ಪಕ್ಕ ಇರುತ್ತೆ. ಎಡಗಾಲಲ್ಲಿ ತುಳಿಯುವವರು ಬೇರೆ, ಬಲಗಾಲಲ್ಲಿ ತುಳಿಯುವವರು ಬೇರೆ. ಉತ್ತರ ಐರ್ಲೆಂಡಿನಲ್ಲಿ "ಅವನು ಯಾವ ಕಾಲಲ್ಲಿ ಅಗೆಯುತ್ತಾನೆ?" ಅಂದರೆ ಕ್ಯಾಥಲಿಕ್ಕೋ ಪ್ರೊಟೆಸ್ಟಂಟೋ ಅಂತ ಕೇಳಿದ ಹಾಗೆ. ನನ್ನನ್ನು ಒಬ್ಬ ಅಜ್ಜಿ ಹಾಗೆ ಕೇಳಿದ್ದರು. ನಾನು ಹಿಂದೂ ಅಜ್ಜಿ ಅಂದೆ. "ಹೌದಮ್ಮಾ, ಆದರೆ ಕ್ಯಾಥಲಿಕ್ ಹಿಂದೂನೋ ಪ್ರೊಟೆಸ್ಟಂಟ್ ಹಿಂದೂನೋ" ಅಂದರು. ಈ ಜೋಕು ಇಲ್ಲಿ ಎಲ್ಲರಿಗೂ ಗೊತ್ತಿರೋದೇ, ನನಗೂ ಒಂದು ಸಲ ಹಾಕಿ ನಕ್ಕರು.

ಭದ್ರಾವತಿ_ಹುಡುಗ:
ಅಕ್ಕ 😂 ಸಲಿಕೆ ನೋಡಬೇಕಾದರೆ ಆಂಟ್ರಿಮ್ ಕೌಂಟಿಯ ಟೆಂಪಲ್‌ಪ್ಯಾಟ್ರಿಕ್‌ಗೆ ಹೋಗಿ. ಪ್ಯಾಟರ್‌ಸನ್ ಸಲಿಕೆ ಗಿರಣಿ ಅಂತ ಇದೆ, 1919ರದು. ನೀರಿನ ಬಲದಿಂದ ದೊಡ್ಡ ಸುತ್ತಿಗೆ ಬೀಳುತ್ತೆ. ಮಾಮೂಲಿ ಕುಲುಮೆಯಲ್ಲಿ ಒಬ್ಬ ಹುಡುಗ ಹುರಿಯಾಳಿನಂತೆ ಸಮ್ಮಟಿಗೆ ಬೀಸಬೇಕು, ಇಲ್ಲಿ ಆ ಕೆಲಸ ತೊರೆ ಮಾಡುತ್ತೆ. ಕಾಲ ಕೆಳಗಿನ ನೆಲವೇ ನಡುಗುತ್ತೆ.

ಅಂದ ಹಾಗೆ ಲಾಳದ ಕೆಲಸ ಸತ್ತಿಲ್ಲ ಅಂತಲೂ ಬರೆಯಬೇಕು. ಕಿಲ್ಡೇರ್ ಕಡೆ ರೇಸ್ ಕುದುರೆಗಳಿಗೆ ಲಾಳ ಕಟ್ಟುವವರಿಗೆ ಪುರುಸೊತ್ತಿಲ್ಲ. ರೇಸಿಗೆ ಹಗುರ ಅಲ್ಯೂಮಿನಿಯಂ ಲಾಳ. ಗ್ಯಾಸ್ ಒಲೆ ವ್ಯಾನಿನಲ್ಲೇ ಇರುತ್ತೆ. ಮೊದಲು ಕುದುರೆ ಕುಲುಮೆಗೆ ನಡೆದು ಬರುತ್ತಿತ್ತು, ಈಗ ಕುಲುಮೆ ಕುದುರೆ ಹತ್ತಿರ ಹೋಗುತ್ತೆ. ಸತ್ತಿದ್ದು ಅಡ್ಡರಸ್ತೆಯ ಕುಲುಮೆ. ಮಳೆ ಬಂದರೆ ಒಳಗೆ ನಿಂತು ಹರಟೆ ಹೊಡೆಯೋಕೆ, ಪೇಪರ್ ಓದಿಸಿಕೊಳ್ಳೋಕೆ, ಯಾರ ಹುಡುಗಿ ಯಾರಿಗೆ ಅಂತ ಮಾತಾಡೋಕೆ ಒಂದು ಬೆಚ್ಚನೆ ಜಾಗ ಇತ್ತಲ್ಲ, ಅದು ಹೋಯಿತು. ಪಬ್‌ನಲ್ಲಿ ದುಡ್ಡು ಕೊಟ್ಟು ಕೂರಬೇಕು. ಕುಲುಮೆಯಲ್ಲಿ ಯಾರಾದರೂ ಬಂದು ಬೆಂಕಿಗೆ ಗಾಳಿ ಊದುವ ತಿದಿ ಒತ್ತಿದರೆ ಸಾಕು.

ಹಳೇ_ನಕ್ಷೆ:
ಕ್ಯಾವನ್_ಮಳೆಯವರೇ, ಈಗ ನಿಮ್ಮ ಮನೆ ಕೆಲಸ. ಮೂರು ಕಡೆ ಹುಡುಕಿ, ಎಲ್ಲ ಆನ್‌ಲೈನ್, ಎಲ್ಲ ಪುಕ್ಕಟೆ. ಮೊದಲನೆಯದು ಹಳೇ ಆರ್ಡನೆನ್ಸ್ ಸರ್ವೆ ನಕ್ಷೆ, ಅಂದರೆ ಸರ್ಕಾರದ ಅಳತೆ ನಕ್ಷೆ. ಮೈಲಿಗೆ ಆರು ಅಂಗುಲದ ಲೆಕ್ಕದಲ್ಲಿ ಇಡೀ ಐರ್ಲೆಂಡನ್ನು 1840ರ ದಶಕದ ಮೊದಲಿಗೇ ಅಳೆದು ಮುಗಿಸಿದ್ದರು. ನಿಮ್ಮ ಅಡ್ಡರಸ್ತೆ ಹುಡುಕಿ ದೊಡ್ಡದು ಮಾಡಿ, 'ಫೋರ್ಜ್' ಅಥವಾ 'ಸ್ಮಿದಿ' ಅಂತ ಸಣ್ಣ ಅಕ್ಷರದಲ್ಲಿ ಇರಬಹುದು. ಎರಡನೆಯದು ಗ್ರಿಫಿತ್ ಕಂದಾಯ ದಾಖಲೆ, 1847ರಿಂದ 1864ರವರೆಗಿನದು. ಯಾರ ಮನೆ, ಯಾರು ಬಾಡಿಗೆದಾರ, ಕುಲುಮೆ ಇದ್ದರೆ ಅದೂ ಬರೆದಿದೆ. ಮೂರನೆಯದು ನನಗೆ ಎಲ್ಲಕ್ಕಿಂತ ಪ್ರೀತಿಯದು. 1937ರಿಂದ 1939ರವರೆಗೆ ಐರಿಶ್ ಜಾನಪದ ಆಯೋಗದವರು ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳ ಕೈಯಲ್ಲಿ ಊರಿನ ಕಥೆ ಬರೆಸಿದರು. ಮನೆಗೆ ಹೋಗಿ ಅಜ್ಜ ಅಜ್ಜಿಯನ್ನು ಕೇಳಿ ಬರೆದುಕೊಂಡು ಬನ್ನಿ ಅಂತ. ಒಟ್ಟು 7,40,000 ಪುಟ ಆಯಿತು. ಅವರು ಕೊಟ್ಟ ವಿಷಯಗಳಲ್ಲಿ ಒಂದು 'ಊರಿನ ಕುಲುಮೆ'. ಮಾಡು ಹುಲ್ಲಿನದೋ ಹಂಚಿನದೋ, ಒಲೆ ಎಷ್ಟು, ತಿದಿ ಯಾವುದರದು, ಹತ್ತಿರ ತೊರೆ ಇದೆಯೋ, ಎಲ್ಲ ಆ ಮಕ್ಕಳ ಅಕ್ಷರದಲ್ಲೇ ಓದಬಹುದು. ದೂಖಸ್ ಅನ್ನೋ ತಾಣದಲ್ಲಿ ನಿಮ್ಮ ಊರಿನ ಶಾಲೆ ಹೆಸರು ಹಾಕಿ. ಕ್ಯಾವನ್ ದಕ್ಷಿಣದ 26 ಕೌಂಟಿಗಳಲ್ಲಿ ಇರೋದರಿಂದ ಸಿಗುತ್ತೆ. ಆಚೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಫರ್ಮಾನಾದಲ್ಲಿ ಮನೆ ಮಾಡಿದ್ದರೆ ಸಿಗುತ್ತಿರಲಿಲ್ಲ.

ಕ್ಯಾವನ್_ಮಳೆ (ಐದು ದಿನದ ನಂತರ):
ತಡವಾಯಿತು, ಕ್ಷಮಿಸಿ. ನಕ್ಷೆಯಲ್ಲಿ ಸಿಕ್ಕಿತು! ನಮ್ಮ ಕೊಟ್ಟಿಗೆ ಮೇಲೇ ಚಿಕ್ಕದಾಗಿ 'ಸ್ಮಿದಿ'. ಫೋನಿನಲ್ಲಿ ಅದನ್ನು ಹಿಡಿದುಕೊಂಡು ಎದುರು ಮನೆ ಅಜ್ಜಿ ಹತ್ತಿರ ಹೋದೆ. ಎಂಬತ್ತು ದಾಟಿದೆ. ಇಷ್ಟು ದಿನ ನಮಗೂ ಅವರಿಗೂ ಮಳೆ ಬಗ್ಗೆ ಬಿಟ್ಟು ಬೇರೆ ಮಾತೇ ಇರಲಿಲ್ಲ. ಕಲ್ಲು ಅಂದ ತಕ್ಷಣ ಕೋಟು ಹಾಕಿಕೊಂಡು ನನ್ನ ಜೊತೆ ಹೊರಟೇಬಿಟ್ಟರು.

ಚಕ್ರದ ಕೆಲಸ ಇರುವ ದಿನ ಶಾಲೆ ಬಿಟ್ಟ ಮಕ್ಕಳನ್ನು ಕಮ್ಮಾರ ಕರೆಯುತ್ತಿದ್ದನಂತೆ, ತೊರೆಯಿಂದ ನೀರು ತರೋಕೆ. ಅವರೂ ತಂದಿದ್ದಾರೆ. ಒಂದು ದಿನಕ್ಕೆ ಎಂಟು ಹತ್ತು ಚಕ್ರ ಒಟ್ಟಿಗೆ ಮಾಡುತ್ತಿದ್ದರು, ಟರ್ಫ್ ಉಳಿಯಲಿ ಅಂತ. ಹುಡುಗರಿಗೆ ಮಾತ್ರ ತಿದಿ ಒತ್ತೋಕೆ ಬಿಡುತ್ತಿದ್ದ, ಹುಡುಗಿಯರಿಗೆ ಬಕೆಟ್ ಮಾತ್ರ. ಅದನ್ನು ಹೇಳುವಾಗ ಅಜ್ಜಿಗೆ ಇನ್ನೂ ಸಿಟ್ಟಿದೆ. ಕರೆಂಟು ಬಂದ ಮೇಲೆ ಕಮ್ಮಾರನ ಮಗ ವೆಲ್ಡಿಂಗ್ ಕಲಿತು ಗೇಟು, ಟ್ರೈಲರ್ ರಿಪೇರಿ ಅಂತ ಕೆಲವು ವರ್ಷ ನಡೆಸಿ ಇಂಗ್ಲೆಂಡಿಗೆ ಹೋದನಂತೆ. ನಾವು ದಿನಾ ತೆಗೆದು ಹಾಕೋ ಗೇಟು ಅವನು ಮಾಡಿದ್ದೇ. ಕೆಳಗೆ ಬಗ್ಗಿ ನೋಡಿದರೆ ಒಂದು ಅಡ್ಡಪಟ್ಟಿ ಹಳೇ ಚಕ್ರದ ಹಳಿಯನ್ನು ನೇರ ಮಾಡಿ ಹಾಕಿದ್ದು, ಮೊಳೆ ತೂತು ಹಾಗೇ ಇದೆ. ಭದ್ರಾವತಿ ಅಣ್ಣ, ಫೋಟೋ ಹಾಕುತ್ತೇನೆ.

ಭದ್ರಾವತಿ_ಹುಡುಗ:
ಹಾಕಿ ಹಾಕಿ. ಆ ಗೇಟಿಗೆ ಬಣ್ಣ ಬಳಿಯೋಕೆ ಹೋಗಬೇಡಿ ದಯವಿಟ್ಟು.

ಗಾಲ್ವೇ_ಅಕ್ಕ:
ಆ ಅಜ್ಜಿಗೆ ಈಗಲಾದರೂ ಯಾರಾದರೂ ತಿದಿ ಒತ್ತೋಕೆ ಕೊಡಿ. ಮಕ್‌ರಾಸ್‌ಗೆ ಕರೆದುಕೊಂಡು ಹೋಗಿ.

ಕ್ಯಾವನ್_ಮಳೆ:
ಬೇಸಿಗೆಗೆ ಅಂತ ಮಾತಾಡಿದ್ದೇವೆ ಅಕ್ಕ, ಅವರೇ ದಿನ ನೋಡುತ್ತಿದ್ದಾರೆ. ಇನ್ನೊಂದು. ಮಗಳು ದಾರಕ್ಕೆ ಆಯಸ್ಕಾಂತ ಕಟ್ಟಿಕೊಂಡು ಕಲ್ಲಿನ ಸುತ್ತ ಓಡಾಡಿ ಒಂದು ಡಬ್ಬಿ ತುಂಬ ಲಾಳದ ಮೊಳೆ ಆರಿಸಿದ್ದಾಳೆ. ತುಕ್ಕು ಹಿಡಿದಿವೆ, ಆದರೆ ಕೆಲವು ಗಟ್ಟಿ ಇವೆ. ಬಾಗಿಲ ಮೇಲೆ ಒಂದು ಲಾಳ ಕಟ್ಟೋಣ, ಇದೇ ಮೊಳೆ ಹೊಡೆಯೋಣ ಅಂತ ಹಟ. ರಜಾ ಸಿಗೋದು ಮುಂದಿನ ಶುಕ್ರವಾರ, ಅವತ್ತು ಹೊಡೆಯೋಣ ಅಂತಿದ್ದೇವೆ.

ಸುಮ್ನೆ_ಓದುಗ:
ಅಕ್ಕ, ಮುಂದಿನ ಶುಕ್ರವಾರ ಗುಡ್ ಫ್ರೈಡೇ.

ಕ್ಯಾವನ್_ಮಳೆ:
😱 ಶನಿವಾರ, ಶನಿವಾರ.